ಅಕ್ಕ ಕೊಂಡ ಹೊಲಿಗೆ ಮಿಷನ್ನು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅನ್ನ ನಡೆಯುತ್ತಿದ್ದದ್ದು ನಮ್ಮದಲ್ಲದ ಒಂದು ಹೊಲಿಗೆ ಮಿಷನ್ನಿನಿಂದ. ಅಪ್ಪ ಸೊರಬದಲ್ಲಿ ದರ್ಜಿ. ನಡುಮನೆಯ ಕಿಟಕಿಯ ಪಕ್ಕ ಕೂತು ಬೆಳಗಿನಿಂದ ಸಂಜೆಯವರೆಗೆ ಕಾಲಲ್ಲಿ ಮಿಷನ್ನು ತುಳಿಯುತ್ತಿದ್ದ. ಮನೆಯೆಲ್ಲ ಮಿಷನ್ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಮಿಷನ್ನು ಪೇಟೆಯ ಬಟ್ಟೆ ಅಂಗಡಿಯ ಸಾಹುಕಾರರದ್ದು. ಅದಕ್ಕೆ ವಾರಕ್ಕೊಂದು ರೂಪಾಯಿ ಬಾಡಿಗೆ. ಮದುವೆಯ ಕಾಲದಲ್ಲಿ ಅಪ್ಪನಿಗೆ ಊಟಕ್ಕೂ ಬಿಡುವಿಲ್ಲ. ಮಳೆ ಹಿಡಿಯಿತೆಂದರೆ ಹೊಸ ಬಟ್ಟೆ ಹೊಲಿಸುವವರೇ ಇಲ್ಲ. ಬಾಡಿಗೆ ಮಾತ್ರ ಯಾವ ಮಳೆಗೂ ನಿಲ್ಲುತ್ತಿರಲಿಲ್ಲ.

ಒಂದು ಯುಗಾದಿಯ ಮರುದಿನ ಸಾಹುಕಾರರು ಮನೆಗೆ ಬಂದು, "ಬರೋ ಯುಗಾದಿಗೆ ಮಿಷನ್ನು ವಾಪಸ್ ಬೇಕು ಕಣ್ರೀ. ನನ್ನ ಭಾವಮೈದ ಟೇಲರ್ ಅಂಗಡಿ ಹಾಕ್ತಾನಂತೆ" ಎಂದರು. ಅವರು ಹೋದ ಮೇಲೆ ಅಪ್ಪ ದಾರ ಮುಗಿದ ರೀಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಗ ಮಾತಾಡಿದ್ದು ಅಕ್ಕ. ಅವಳಿಗೆ ಹದಿನಾಲ್ಕು, ನನಗೆ ಒಂಬತ್ತು.

"ಹಾಗಾದ್ರೆ ನಮ್ಮ ಕೈಯಲ್ಲಿ ಒಂದು ವರ್ಷ ಇದೆ" ಎಂದಳು.

ಶಿಕಾರಿಪುರದಲ್ಲಿ ಅಪ್ಪನಿಗೆ ಪರಿಚಯದ ಒಬ್ಬ ಮುದುಕ ದರ್ಜಿ ಇದ್ದ. ಕಣ್ಣಿಗೆ ಪೊರೆ ಬಂದು ಕೆಲಸ ಬಿಡುವುದರಲ್ಲಿದ್ದ. ತನ್ನ ಮಿಷನ್ನನ್ನು ತೊಂಬತ್ತು ರೂಪಾಯಿಗೆ ಕೊಡುತ್ತೇನೆ, ಒಂದು ವರ್ಷ ಕಾಯುತ್ತೇನೆ ಎಂದು ಒಪ್ಪಿಕೊಂಡ. ತೊಂಬತ್ತು ರೂಪಾಯಿಯನ್ನು ನಮ್ಮ ಮನೆಯಲ್ಲಿ ಯಾರೂ ಒಟ್ಟಿಗೆ ನೋಡಿರಲಿಲ್ಲ.

ಅಕ್ಕ ಎಲ್ಲಿಂದಲೋ ಐದು ತಗಡಿನ ಡಬ್ಬಿ ತಂದು ತೊಳೆದು ಒಣಗಿಸಿದಳು. ಅಮ್ಮನಿಗೆ ಓದು ಬಾರದ್ದರಿಂದ ದೀಪದ ಕಾಡಿಗೆಯಲ್ಲಿ ಅವುಗಳ ಮೇಲೆ ಚಿತ್ರ ಬರೆದಳು. ಭತ್ತದ ತೆನೆ ಬರೆದದ್ದು ಊಟದ ದಿನಸಿಗೆ. ಎಲೆ ಬರೆದದ್ದು ಔಷಧಿಗೆ. ದೀಪದ್ದು ಸೀಮೆಎಣ್ಣೆಗೂ ಸಾಹುಕಾರರ ಬಾಡಿಗೆಗೂ ಮನೆಯ ಸಣ್ಣಪುಟ್ಟ ಖರ್ಚಿಗೂ. ದೊಡ್ಡ ಚಕ್ರ ಬರೆದದ್ದು ಮಿಷನ್ನಿಗೆ. ಎಲ್ಲಕ್ಕಿಂತ ಚಿಕ್ಕ ಡಬ್ಬಿಯ ಮೇಲೆ ನಗುವ ಮುಖ.

"ಇದೇನೇ ಇದು?" ಎಂದು ಅಮ್ಮ ಕೇಳಿದಳು.

"ಖುಷಿಗೆ. ವರ್ಷ ಪೂರ್ತಿ ಬೇಡ ಬೇಡ ಅಂತಿದ್ರೆ ಒಂದಿನ ಎಲ್ಲಾರೂ ಸೇರಿ ಚಕ್ರದ ಡಬ್ಬಿ ಒಡೀತೀವಿ, ಅಷ್ಟೆ."

ಅಕ್ಕನೇ ನಿಯಮವನ್ನೂ ಮಾಡಿದಳು: ಅಪ್ಪನಿಗೆ ದುಡ್ಡು ಬಂದ ದಿನವೇ ಐದು ಡಬ್ಬಿಗೂ ಪಾಲು ಬೀಳಬೇಕು. ಒಂದರ ದುಡ್ಡು ಇನ್ನೊಂದಕ್ಕೆ ಹೋಗಕೂಡದು. ಅಪ್ಪ ಕೈ ಸಡಿಲಿನ ಮನುಷ್ಯ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಹೋಟೆಲಿಗೆ ಕರೆದು ಕಾಫಿ ಕುಡಿಸುವ ರೂಢಿ ಅವನದ್ದು. ಅಕ್ಕ ಅವನನ್ನು ಬೈಯಲಿಲ್ಲ. "ಅವರನ್ನ ಮನೆಗೇ ಕರ್ಕೊಂಡು ಬಾ ಅಪ್ಪಾ, ನಾನು ಬೆಲ್ಲದ ಕಾಫಿ ಮಾಡ್ಕೊಡ್ತೀನಿ" ಎಂದಳು. ಅಪ್ಪ ಹಾಗೇ ಮಾಡಿದ. ಬಂದವರು ಅಂಗಿಯ ಅಳತೆಯನ್ನೂ ಕೊಟ್ಟು ಹೋದದ್ದುಂಟು.

ಅಂಗಡಿಗೆ ಹೋಗುವ ಕೆಲಸ ನನ್ನದು. ಆಗಷ್ಟೇ ಹೊಸ ಪೈಸೆ ಬಂದಿತ್ತು. ಒಂದಾಣೆಗೆ ಆರು ಪೈಸೆ, ಆದರೆ ನಾಲ್ಕಾಣೆಗೆ ಇಪ್ಪತ್ತೈದು. ದೊಡ್ಡವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಒಂದು ಗುಟ್ಟು ಹೊಳೆಯಿತು. ನಾಲ್ಕಾಣೆಯ ಸಾಮಾನನ್ನು ಒಟ್ಟಿಗೆ ತಂದರೆ ಇಪ್ಪತ್ತೈದು ಪೈಸೆ. ಒಂದೊಂದಾಣೆಯ ಹಾಗೆ ನಾಲ್ಕು ಸಲ ತಂದರೆ ಇಪ್ಪತ್ನಾಲ್ಕೇ! ಒಂದು ಪೈಸೆ ಉಳಿಯುತ್ತದೆ. ಉಪ್ಪಿಗೊಮ್ಮೆ, ಬೆಲ್ಲಕ್ಕೊಮ್ಮೆ, ಕಾಫಿ ಪುಡಿಗೊಮ್ಮೆ, ಸಾಸಿವೆಗೊಮ್ಮೆ ಓಡಿದೆ. ಕೆಲವು ದಿನ ಹೀಗೇ ನಡೆದ ಮೇಲೆ ದಿನಸಿ ಅಂಗಡಿಯವರು ತಕ್ಕಡಿ ಕೆಳಗಿಟ್ಟು, "ಏನೇ ಪುಟ್ಟಿ, ನಿನ್ನ ಕಾಲಿಗೆ ಚಕ್ರ ಕಟ್ಟಿದಾರಾ? ಎಲ್ಲಾ ಒಂದೇ ಸಲ ಹೇಳಬಾರ್ದಾ?" ಎಂದು ಕೇಳಿದರು. ನಾನು ಲೆಕ್ಕ ಹೇಳಿದೆ. ಅವರು ಬೆರಳೆಣಿಸಿ ನೋಡಿ ಹೊಟ್ಟೆ ಹಿಡಿದು ನಕ್ಕರು. "ಒಂದೇ ಸಲ ಬಾ ತಾಯಿ, ನಿನಗೆ ಇಪ್ಪತ್ನಾಲ್ಕಕ್ಕೇ ಕೊಡ್ತೀನಿ" ಎಂದರು. ಆ ಪೈಸೆಗಳು ನಗುವ ಮುಖದ ಡಬ್ಬಿಗೆ ಬಿದ್ದವು.

ಸುಲಭವೇನೂ ಇರಲಿಲ್ಲ. ಅಕ್ಕ ವರ್ಷವಿಡೀ ಎರಡೇ ಲಂಗದಲ್ಲಿ ಕಳೆದಳು. ಒಂದು ಒಗೆದು ಹಾಕಿದರೆ ಇನ್ನೊಂದು ಮೈಮೇಲೆ. ದೀಪಾವಳಿಗೆ ಊರಿನವರ ಹೊಸ ಬಟ್ಟೆಗಳೆಲ್ಲ ನಮ್ಮ ಮನೆಯಲ್ಲೇ ಹೊಲಿಗೆಯಾಗಿ ಹೋದವು. ನಮಗೆ ಮಾತ್ರ ಹಳೆಯವು. ನಾನು ಅತ್ತುಬಿಟ್ಟೆ. ಮಳೆಗಾಲದಲ್ಲಿ ಎರಡು ತಿಂಗಳು ಚಕ್ರದ ಡಬ್ಬಿಗೆ ಎಂಟಾಣೆಗಿಂತ ಹೆಚ್ಚು ಬೀಳಲೇ ಇಲ್ಲ. ಆದರೂ ಅಕ್ಕ ತಪ್ಪದೆ ಹಾಕಿದಳು.

ಯುಗಾದಿಗೆ ನಾಲ್ಕು ದಿನವಿದೆ ಅನ್ನುವಾಗ ಅಪ್ಪ, ಅಕ್ಕ, ನಾನು ಬೆಳಗಿನ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೊರಟೆವು. ಅಪ್ಪ ಅಕ್ಕನ ಲಂಗದ ಒಳಗೆ ಒಂದು ಜೇಬು ಹೊಲಿದಿದ್ದ. ಅದರಲ್ಲಿ ಸರಿಯಾಗಿ ತೊಂಬತ್ತು ರೂಪಾಯಿ. ಅಪ್ಪನ ಬಳಿ ಬಸ್ಸಿನ ದುಡ್ಡು. ತೆನೆಯ ಡಬ್ಬಿಯಿಂದ ತಂದ ಆರು ರೂಪಾಯಿ ಬೇರೆ ಗಂಟಿನಲ್ಲಿತ್ತು. ಶಿಕಾರಿಪುರದಲ್ಲಿ ಒಣಮೆಣಸಿನಕಾಯಿ, ಬೇಳೆ ಅಗ್ಗ. ಮಳೆಗಾಲಕ್ಕೆ ಆಗುವಷ್ಟು ತರಬೇಕಿತ್ತು. ನನ್ನ ಕೈಯಲ್ಲಿ ಖುಷಿಯ ದುಡ್ಡು, ಮಸಾಲೆ ದೋಸೆಗೆ. ನಾನು ಅಲ್ಲಿಯವರೆಗೆ ಮಸಾಲೆ ದೋಸೆ ತಿಂದವಳೇ ಅಲ್ಲ.

ಮುದುಕ ದರ್ಜಿಯ ಅಂಗಡಿ ಒಂದು ಕಿರಿದಾದ ಕೋಣೆ. ಮೂಲೆಯಲ್ಲಿ ಮಿಷನ್ನು ಕಪ್ಪಗೆ ಮಿನುಗುತ್ತಿತ್ತು. ಅಪ್ಪ ಅದರ ಗಾಲಿ ತಿರುಗಿಸಿ, ಸದ್ದು ಕೇಳಿ ತಲೆದೂಗಿದ. ಅಕ್ಕ ದುಡ್ಡು ತೆಗೆದು ಮುಂದಿಟ್ಟಳು. ಅಜ್ಜ ಅದನ್ನು ಮುಟ್ಟಲಿಲ್ಲ.

"ತಪ್ಪು ತಿಳೀಬ್ಯಾಡ್ರಿ ಟೇಲರೇ. ನಿನ್ನೆ ಒಬ್ಬರು ಬಂದು ತೊಂಬತ್ತೈದು ಕೊಡ್ತೀನಿ ಅಂದ್ರು. ನನಗೂ ಕಣ್ಣಿನ ಔಷಧಕ್ಕ ರೊಕ್ಕ ಬೇಕ್ರಿ" ಎಂದ.

ಅಪ್ಪ ಬೇಳೆಯ ದುಡ್ಡಿನ ಗಂಟಿಗೆ ಕೈಹಾಕಿದ. ಅಕ್ಕ ಅವನ ಕೈ ಹಿಡಿದುಕೊಂಡಳು.

"ಅದು ಊಟದ ದುಡ್ಡು ಅಪ್ಪಾ. ಮಿಷನ್ನು ತಗೊಂಡು ಮಳೆಗಾಲದಲ್ಲಿ ಸಾಲ ಮಾಡಿ ಬೇಳೆ ತರೋದಾ?"

ನಾನು ಬೆವೆತ ಮುಷ್ಟಿ ಬಿಚ್ಚಿ, "ನನಗೆ ದೋಸೆ ಬೇಡ, ಇದನ್ನ ಕೊಡು" ಎಂದೆ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ಇಷ್ಟರಲ್ಲಿ ಐದು ರೂಪಾಯಿ ಆಗಲ್ಲ ಕಣೇ. ಆಗಿದ್ರೂ ಮುಟ್ತಿರ್ಲಿಲ್ಲ, ಅದು ನೀನು ಓಡಾಡಿ ಗಳಿಸಿದ್ದು" ಎಂದು ಅಕ್ಕ ನನ್ನ ಮುಷ್ಟಿ ಮುಚ್ಚಿದಳು. ಆಮೇಲೆ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಗೋಡೆಯ ಪಕ್ಕ ಕತ್ತರಿಸಿಟ್ಟ ಬಿಳಿ ಬಟ್ಟೆಯ ರಾಶಿಯಿತ್ತು.

"ಅಜ್ಜಾ, ಇದು ಯಾರ ಬಟ್ಟೆ?"

"ಮದುವಿ ಮನೀದವ್ವಾ. ಐದು ಅಂಗಿ. ಸಂಜೀಗೆ ಒಯ್ಯಾಕ ಬರ್ತಾರ. ಕತ್ತರಿಸೇನಿ, ಸೂಜಿಗೆ ದಾರ ಪೋಣಿಸಾಕ ಕಣ್ಣು ಕಾಣವಲ್ಲದು."

"ಹೊಲಿಗೆ ಕೂಲಿ ಎಷ್ಟು?"

"ಅಂಗಿಗೆ ಒಂದು ರೂಪಾಯಿ."

"ನಾವು ಹೊಲಿದು ಕೊಡ್ತೀವಿ. ಆ ಐದು ರೂಪಾಯಿ ನಿಮಗೆ, ಮಿಷನ್ನು ನಮಗೆ. ಆಗಬಹುದಾ?"

ಅಜ್ಜ ಮಬ್ಬುಗಣ್ಣುಗಳಿಂದ ಅಕ್ಕ ನಿಂತಿದ್ದ ಕಡೆ ನೋಡಿದ. "ಸಂಜೀ ಒಳಗ ಆಗ್ತೈತೇನವ್ವಾ?"

ಅಪ್ಪ ಆಗಲೇ ಮಿಷನ್ನಿನ ಮುಂದೆ ಕೂತು ದಾರ ಪೋಣಿಸುತ್ತಿದ್ದ.

ಆ ಮಧ್ಯಾಹ್ನದಷ್ಟು ಜೋರಾಗಿ ಅಪ್ಪ ತುಳಿದದ್ದನ್ನು ನಾನು ಎಂದೂ ಕಂಡಿಲ್ಲ. ಬೇಸಿಗೆಯ ಸೆಕೆಗೆ ಅವನ ಬೆನ್ನಿನ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು. ಅವನ ಕೈಯಿಂದ ಬಂದದ್ದಕ್ಕೆ ಅಕ್ಕ ಕಾಜಾ ಹಾಕಿದಳು, ಅಂಚು ಮಡಚಿ ಹೊಲಿದಳು. ಗುಂಡಿಗಳು ನನ್ನ ಪಾಲಿಗೆ. ಅಂಗಿಗೆ ಆರರಂತೆ ಮೂವತ್ತು ಗುಂಡಿ. ಹತ್ತಾಗುವಷ್ಟರಲ್ಲಿ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂತು. ಬಿಳಿ ಬಟ್ಟೆಗೆ ತಾಗದಂತೆ ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪಿ, ಚಿಂದಿ ಸುತ್ತಿ ಮತ್ತೆ ಹೊಲಿದೆ. ಅಜ್ಜ ಮುಗಿದ ಅಂಗಿಗಳ ಹೊಲಿಗೆಯ ಮೇಲೆ ಬೆರಳಾಡಿಸಿ ಪರೀಕ್ಷೆ ಮಾಡುತ್ತಿದ್ದ. ಮೂರನೆಯದರ ಕಾಲರು ಸೊಟ್ಟವಾಗಿದೆ ಎಂದ. ಅಪ್ಪ ಬಿಚ್ಚಿ ಮತ್ತೆ ಹಾಕಿದ.

ಮದುವೆ ಮನೆಯವರು ಬಂದಾಗ ಐದನೆಯ ಅಂಗಿಯ ಕೊನೆಯ ಗುಂಡಿ ನನ್ನ ಕೈಯಲ್ಲಿತ್ತು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಹೊಲಿದು ಮುಗಿಸಿದೆ. ಅವರು ಐದು ರೂಪಾಯಿ ಎಣಿಸಿ ಅಜ್ಜನ ಕೈಗಿಟ್ಟರು. ಅಜ್ಜ ಆ ದುಡ್ಡನ್ನು ನಮ್ಮ ತೊಂಬತ್ತರ ಜೊತೆ ಸೇರಿಸಿ ಕಣ್ಣಿಗೊತ್ತಿಕೊಂಡ. "ಇನ್ನ ಇದು ನಿಮ್ದರೀ. ಒಳ್ಳೇ ಕೈಗೆ ಹೋತು" ಎಂದ. ಅಪ್ಪ ಅವನ ಕಾಲು ಮುಟ್ಟಿ ನಮಸ್ಕರಿಸಿದ.

ಬೇಳೆ, ಮೆಣಸಿನಕಾಯಿ ಕೊಂಡ ಮೇಲೆ ಹೋಟೆಲಿಗೆ ಹೋದೆವು. ದೋಸೆಯ ಅಂಚು ಗರಿಗರಿ, ಒಳಗೆ ಬಿಸಿ ಪಲ್ಯ. ಚಿಂದಿ ಸುತ್ತಿದ ಬೆರಳನ್ನು ಮೇಲೆತ್ತಿಕೊಂಡೇ ತಿಂದೆ. ಕೊನೆಯ ಬಸ್ಸಿನ ಮೇಲೆ ಮಿಷನ್ನಿನ ಮೇಜನ್ನು ಹಗ್ಗ ಹಾಕಿ ಕಟ್ಟಿದರು. ಮೇಲಿನ ಭಾಗವನ್ನು ಅಪ್ಪ ಯಾರಿಗೂ ಕೊಡಲಿಲ್ಲ. ಊರು ತಲುಪುವವರೆಗೆ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಮರುದಿನ ಬೆಳಿಗ್ಗೆ, ಸಾಹುಕಾರರು ಹೇಳಿ ಕಳಿಸುವ ಮೊದಲೇ, ಅವರ ಮಿಷನ್ನನ್ನು ಒರೆಸಿ, ಎಣ್ಣೆ ಹಾಕಿ, ಕೊನೆಯ ವಾರದ ಬಾಡಿಗೆಯೊಂದಿಗೆ ಮುಟ್ಟಿಸಿ ಬಂದ.

ಮಕ್ಕಳೇ, ನಮ್ಮ ಕಾಲದಲ್ಲಿ ದುಡ್ಡಿಗೆ ತೂಕವಿತ್ತು, ಸದ್ದಿತ್ತು. ಡಬ್ಬಿ ಅಲ್ಲಾಡಿಸಿದರೆ ಎಷ್ಟಿದೆ ಎಂದು ಕಿವಿಗೇ ತಿಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ದುಡ್ಡು ಕಣ್ಣಿಗೇ ಬೀಳುವುದಿಲ್ಲ. ಅಪ್ಪ ಅಮ್ಮ ಫೋನನ್ನು ಒತ್ತುತ್ತಾರೆ, ಮರುದಿನ ಬಾಗಿಲಿಗೆ ಪೆಟ್ಟಿಗೆ ಬರುತ್ತದೆ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಎರಡೇ ಲಂಗದಲ್ಲಿ ಬದುಕುವುದರಲ್ಲಿ ಚೆಂದವೇನೂ ಇರಲಿಲ್ಲ. ಆದರೆ ಈಚೆಗೆ ಒಂದು ದಿನ ನಿಮ್ಮಲ್ಲೊಬ್ಬರು ಬಂದು, ಮಿಣುಕುವ ದೀಪದ ಬೂಟು ಈಗಲೇ ಬೇಕು ಎಂದು ನನ್ನ ಸೀರೆ ಜಗ್ಗಿದಿರಲ್ಲ, ಆಗ ನಾನೊಂದು ಮಾತು ಹೇಳಿದೆ: ಒಂದು ವಾರ ಕಾಯಿ. ಪ್ರತಿ ದಿನ ಬೆಳಿಗ್ಗೆ ಎದ್ದು ನಿನ್ನನ್ನೇ ಕೇಳಿಕೋ. ಏಳನೆಯ ದಿನವೂ ಬೇಕೇ ಬೇಕು ಎನ್ನಿಸಿದರೆ ನನ್ನ ಹತ್ತಿರ ಬಾ, ಇಬ್ಬರೂ ಸೇರಿ ದುಡ್ಡು ಕೂಡಿಸೋಣ.

ಇವತ್ತಿಗೆ ಐದು ದಿನವಾಯಿತು. ನಾನು ಕಾಯುತ್ತಿದ್ದೇನೆ.