ತಲೆ ಬಗ್ಗಿಸುವ ಫೋಟೋ ಮಾಸ್ತರರು

ಭಟ್ಕಳದಿಂದ ಕುಮಟೆಯವರೆಗಿನ ಮೂರು ತಾಲೂಕುಗಳಲ್ಲಿ ನಿತ್ಯಾನಂದ ಮಾಸ್ತರರಷ್ಟು ವಿನಯವಂತರು ಇನ್ನೊಬ್ಬರಿಲ್ಲ ಎಂಬುದು ತೊಂಬತ್ತರ ದಶಕ ಮುಗಿಯುವುದರೊಳಗೆ ತೀರ್ಮಾನವಾಗಿ ಹೋಗಿತ್ತು. ಮಾಸ್ತರರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಕುಮಟೆಯ ಬಸ್ ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟವರು. ಫೋಟೋ ತೆಗೆಯುವ ಮೊದಲು ಅವರು ಗಿರಾಕಿಯೆದುರು ತಲೆ ಬಗ್ಗಿಸುತ್ತಿದ್ದರು. ತಹಸೀಲ್ದಾರರು ಬಂದರೂ ಅಷ್ಟೇ, ಮೀನಿನ ಬುಟ್ಟಿ ಹೊರಗಿಟ್ಟು ಬಂದ ಹೆಂಗಸಾದರೂ ಅಷ್ಟೇ. ಹೊಟ್ಟೆಯ ಹತ್ತಿರ ಕ್ಯಾಮೆರಾ ಹಿಡಿದು, ಗದ್ದ ಎದೆಗೆ ತಾಗುವಷ್ಟು ಬಾಗಿ, ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದರು. ಆಮೇಲೆ ಒಂದೇ ಒಂದು ಕ್ಲಿಕ್. ಆ ನಮಸ್ಕಾರದ ಬಲದಿಂದ ಕೋರ್ಟು ಕೇಸು ಗೆದ್ದವರಿದ್ದರು, ಮದುವೆ ಕೂಡಿಬಂದವರಿದ್ದರು; ಹೊನ್ನಾವರದ ಒಬ್ಬರ ಮಂಡಿನೋವು ಸ್ಟುಡಿಯೋದ ಮೆಟ್ಟಿಲಲ್ಲೇ ಮಾಯವಾಗಿತ್ತಂತೆ.

ಈ ಕೀರ್ತಿಯನ್ನು ದುಬೈಗೆ ಮುಟ್ಟಿಸಿದವನು ಭಟ್ಕಳದ ಮುನೀರ್. ಭಟ್ಕಳದಲ್ಲಿ ಸ್ಟುಡಿಯೋಗಳಿಗೇನೂ ಬರವಿರಲಿಲ್ಲ. ಆದರೂ 1997ರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಅವನ ತಾಯಿ ಅವನನ್ನು ಕುಮಟೆಗೇ ಅಟ್ಟಿದ್ದರು. ಊರು ಬಿಡುವ ಇಪ್ಪತ್ತರ ಹುಡುಗನಿಗೆ ಅಷ್ಟು ತಲೆ ಬಗ್ಗಿಸಿದವರು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ. ದುಬೈಯಲ್ಲಿ ಅವನು ಸೇರಿದ್ದು ಜಾಹೀರಾತಿನ ಸ್ಟುಡಿಯೋ ಒಂದರ ವ್ಯಾನ್ ಡ್ರೈವರಾಗಿ. 2006ರಲ್ಲಿ ಅಲ್ಲಿಯವರು ಹಳೆಯ ಸಾಮಾನು ಬದಲಿಸುವಾಗ ಒಂದು ಕ್ಯಾಮೆರಾ ಕೇಳಿ ಪಡೆದುಕೊಂಡು, ರಜೆಗೆ ಬಂದವನು ನೇರ ಮಾಸ್ತರರ ಮುಂದೆ ಇಳಿಸಿದ.

ಇಟ್ಟಿಗೆಯಷ್ಟು ಭಾರದ ಕ್ಯಾಮೆರಾ. ರೀಲಿನ ಜಾಗದಲ್ಲಿ ಡಿಜಿಟಲ್ ಪೆಟ್ಟಿಗೆ, ಅದರಿಂದ ಕಂಪ್ಯೂಟರಿಗೆ ಎರಡು ಮಾರು ವೈರ್. ಕಣ್ಣಿಟ್ಟು ನೋಡುವ ಕಿಂಡಿ ಹಿಂಬದಿಗೆ. ಫೋಟೋಗ್ರಫಿಯಲ್ಲಿ ಮುನೀರನಿಗೆ ಗೊತ್ತಿದ್ದದ್ದು ಯಾವ ವೈರ್ ಎಲ್ಲಿ ಸಿಕ್ಕಿಸಬೇಕು ಎಂಬುದಷ್ಟೇ. ಆದರೆ ಅದು ಚೆನ್ನಾಗಿ ಗೊತ್ತಿತ್ತು. ಎಡವಿದರೆ ವೈರ್ ಕಿತ್ತುಬರಬಾರದೆಂದು ಅದನ್ನು ಸ್ಟ್ಯಾಂಡಿನ ಕಾಲಿಗೆ ತೆಂಗಿನ ಸುಂಬದ ಹಗ್ಗದಿಂದ ಬಿಗಿದ. ಸ್ಟ್ಯಾಂಡಿಗೆ ಭಾರವಾಗಿ ಮರಳಿನ ಚೀಲ ತೂಗುಹಾಕಿದ. ಇನ್ನು ಮೌಸ್ ಒತ್ತಿದರೆ ಸಾಕು, ಅತ್ತ ಫ್ಲಾಶ್ ಮಿಂಚುತ್ತಿತ್ತು, ಇತ್ತ ಪರದೆಯಲ್ಲಿ ಮುಖ ಮೂಡುತ್ತಿತ್ತು.

ಮಾಸ್ತರರು ಪರದೆಗೆ ಮರುಳಾದರು. ಗಿರಾಕಿಗೆ ಬೆನ್ನು ಹಾಕಿ ಕೂತು, ಮೌಸ್ ಒತ್ತಿ, ರೆಪ್ಪೆಯ ಕೂದಲು ಎಣಿಸತೊಡಗಿದರು. ಒಂದು ತಿಂಗಳಲ್ಲಿ ಮೂರು ತಾಲೂಕುಗಳಲ್ಲೂ ಗುಸುಗುಸು ಎದ್ದಿತು.

ಆಗ ಅಘನಾಶಿನಿಯಿಂದ ಸೋಮಿ ಬಂದಳು. ಹೊಳೆಯಲ್ಲಿ ಚಿಪ್ಪಿಕಲ್ಲು ಹೆಕ್ಕುವ ಮುದುಕಿ. ಗಂಡ ಬೊಮ್ಮನ ಫೋಟೋವನ್ನು ತೊಂಬತ್ತೆಂಟರಲ್ಲಿ ಮಾಸ್ತರರೇ ತೆಗೆದಿದ್ದರು. ಬೊಮ್ಮ ತೀರಿಕೊಂಡ ಮೇಲೆ ಅದು ಗೋಡೆಯಲ್ಲಿ ಒಂಟಿಯಾಗಿತ್ತು. ಅದರ ಪಕ್ಕಕ್ಕೆ ಅದೇ ಅಳತೆಯಲ್ಲಿ ತನ್ನದೂ ಒಂದು ಬೇಕು, ಕೈಕಾಲು ಗಟ್ಟಿ ಇರುವಾಗಲೇ ಬೇಕು ಎಂದಳು. ಸ್ಟೂಲಿನಲ್ಲಿ ಕೂತಳು. ಮಾಸ್ತರರ ಬೆನ್ನು ಕಂಡದ್ದೇ ಎದ್ದುಬಿಟ್ಟಳು.

"ಎಂತ ತಮ್ಮಾ, ನಮ್ಮ ಮನೆಯವ್ರಿಗೆ ತಲೆ ಬಗ್ಸಿ ತೆಗ್ದಿದ್ದೆ. ನಂಗೆ ಬೆನ್ನು ತೋರ್ಸ್ತ್ಯಾ? ಹಿಂಗೆ ತೆಗ್ದದ್ದು ಅವ್ರ ಪಕ್ಕ ಹಾಕೂದು ಹೆಂಗೆ? ಬ್ಯಾಡ ಬಿಡು."

ರಜೆ ಮುಗಿಯದೆ ಇನ್ನೂ ಊರಲ್ಲೇ ಇದ್ದು, ಆ ಹೊತ್ತು ಸ್ಟುಡಿಯೋಕ್ಕೆ ಬಂದಿದ್ದ ಮುನೀರನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆ ನಮಸ್ಕಾರದ ಋಣಕ್ಕೆಂದು ತಂದ ಕ್ಯಾಮೆರಾ ನಮಸ್ಕಾರವನ್ನೇ ನುಂಗಿತ್ತು.

ಸೋಮಿ ಬಾಗಿಲವರೆಗೆ ಹೋಗಿದ್ದಳು. ಮಾಸ್ತರರು ಮೌಸ್ ಬಿಟ್ಟು ಎದ್ದರು. ಕ್ಯಾಮೆರಾದ ಹಿಂದೆ ಬಂದು ಗುಂಡಿಯ ಮೇಲೆ ಬೆರಳಿಟ್ಟು, ಗದ್ದ ಎದೆಗೆ ತಾಗುವಷ್ಟು ಬಾಗಿದರು. ಕೆಳಗೆ ಸಿಮೆಂಟಿನ ನೆಲ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಹಾಗೇ ನಿಂತರು. ಸೋಮಿ ಮರಳಿ ಬಂದು ಕೂತು, ಸೆರಗು ಸರಿಮಾಡಿಕೊಂಡು, "ಹಾಂ, ಆತು" ಎಂದಳು.

ಒಂದೇ ಒಂದು ಕ್ಲಿಕ್.

ಪರದೆಯ ಮೇಲೆ ಸೋಮಿ ಕೊರಳಿನ ಒಂದೊಂದು ಮಣಿಯ ಸಮೇತ ಮೂಡಿದಳು. ಬಗ್ಗಿ ನೋಡಿ, ಅವ್ರ ಪಕ್ಕ ಅಡ್ಡಿಲ್ಲ ಎಂದು ಹೊರಟಳು.

ಒಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಮುನೀರ್ ಆಗ ಕೇಳಿದ. "ಮಾಸ್ತರೇ, ನಾ ದುಬೈಗೆ ಹೊರಟಾಗ ನನ್ನೆದ್ರು ತಲೆ ಬಗ್ಸಿ ದೇವ್ರ ಹತ್ರ ಎಂತ ಬೇಡ್ಕೊಂಡ್ರಿ?"

ಮಾಸ್ತರರು ವೈರ್ ಸುತ್ತುತ್ತಿದ್ದರು.

"ಬೇಡೂದು ಎಂತ ಮಾರಾಯ. ಆ ಹಳೇ ಕ್ಯಾಮೆರಾದ ನೋಡೂ ಗಾಜು ಮೇಲ್ಬದಿಗಿತ್ತು. ಬಗ್ಗದಿದ್ರೆ ನಿನ್ನ ಮೊಕ ಕಾಣ್ತಿರ್ಲಿಲ್ಲ."