ಈರಕ್ಕ ಕಡ ತಂದ ಪಾಪ

ಬಡವನಹಳ್ಳಿ ಕಡೆಯ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ. ಒಂದು ಈರಕ್ಕನದು. ಕಂಬಳಿಗೆ ಉಣ್ಣೆ ನೂತು ಬದುಕುತ್ತಿದ್ದ ವಿಧವೆ. ಅರವತ್ತು ದಾಟಿತ್ತು, ಕಿವಿ ಮಂದ. ತನಗೆ ಕೇಳಿಸದ್ದು ಯಾರಿಗೂ ಕೇಳಿಸದೆಂದು ನಂಬಿ, ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದಳು.

ದೊಡ್ಡವರ ಮುಂದೆ ಬರಿಗೈಲಿ ಹೋಗಬಾರದೆಂಬುದು ಅವಳ ತವರಿನ ರೀತಿ. ಮಧುಗಿರಿಯಿಂದ ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬರುವ ಪಾದ್ರಿ ಜ್ಞಾನಪ್ರಕಾಶ ಸ್ವಾಮಿಗಳಿಗೆ ಅವರೆಕಾಯಿ, ತುಪ್ಪ ಒಯ್ಯುತ್ತಿದ್ದಳು.

"ಇದೆಲ್ಲ ಬೇಡ ಕಣಮ್ಮ. ಪಾಪನಿವೇದನೆಗೆ, ನನ್ನ ಕಿವಿಗೆ ಹೇಳೋಕೆ, ನಿನ್ನ ಪಾಪ ತಂದರೆ ಸಾಕು" ಎಂದರು ಅವರು.

ದಿನವಿಡೀ ನೂಲುವ ಮುದುಕಿಗೆ ಪಾಪ ಎಲ್ಲಿಂದ ಬರಬೇಕು? ಉಪ್ಪು, ಬೆಂಕಿ ಕಡ ತರುವಂತೆ ಅದನ್ನೂ ನೆರೆಮನೆಗಳಿಂದ ತಂದಳು. ಒಂದು ತಿಂಗಳು ಯಾರೋ ಕದ್ದ ಕುಂಬಳಕಾಯಿ. ಇನ್ನೊಂದು ತಿಂಗಳು ಅತ್ತೆಗೆ ಬಡಿಸಿದ ಹಳಸಿದ ಸಾರು. ಈರಕ್ಕನ ಅತ್ತೆ ಸತ್ತು ಯಾವ ಕಾಲವಾಗಿತ್ತೋ. ಪ್ರಾಯಶ್ಚಿತ್ತದ ಜಪವನ್ನು ಮಾತ್ರ ಮೊಣಕಾಲೂರಿ ತಾನೇ ಮಾಡುತ್ತಿದ್ದಳು. ಪ್ರಾರ್ಥನೆಯ ಕೋಣೆಗೆ ಅಂಟಿಕೊಂಡೇ ಸೇದುವ ಬಾವಿ. ಹೆಂಗಸರು ಕೇಳಿ ನಗುತ್ತಿದ್ದರು.

1958ರ ಸುಗ್ಗಿಯಲ್ಲಿ ತಂದದ್ದು ಭಾರವಾಯಿತು. ಪಕ್ಕದ ಮನೆಯ ಅಶ್ವತ್ಥಮ್ಮ ಅವಳ ಕಿವಿಗೆ ಬಾಯಿಟ್ಟು ಅತ್ತಿದ್ದಳು.

"ಗಂಗಾಧರಯ್ಯನ ಬಣವೆ ಹಿಂದ್ಕೆ ಹೋಗಿದ್ದೆ ಸ್ವಾಮೀ! ಎಲ್ಡು ಸಲ!" ಎಂದು ಈರಕ್ಕ ಕೂಗಿದಳು.

ಬಾವಿಯೊಳಕ್ಕೆ ಯಾರದೋ ಕೊಡ ಬಿತ್ತು. ಗಂಗಾಧರಯ್ಯ ಇನ್ನೂ ಮದುವೆಯಾಗದ ಹುಡುಗ.

ಮರುದಿನ ಪಂಚಾಯ್ತಿ ಕೂಡಿತು. ಸ್ವಾಮಿಗಳನ್ನು ಕೇಳಿದರೆ, ನಿವೇದನೆಯ ಗುಟ್ಟು ಒಡೆಯುವಂತಿಲ್ಲವೆಂದು ಅವರು ಸೈಕಲ್ಲಿಗೆ ಗಾಳಿ ಹೊಡೆಯುತ್ತ ಕೂತರು. ಊರ ಯಜಮಾನ ಪರ್ವತಯ್ಯ, ಅಶ್ವತ್ಥಮ್ಮನ ಗಂಡ, ಮೀಸೆ ತಿರುವಿದ.

"ಈ ವಯಸ್ನಲ್ಲಾ? ನಾನು ನಂಬಕ್ಕಿಲ್ಲ. ಯಾವಳ್ದೋ ಮುಚ್ಚಾಕ್ತಾ ಇದೀಯ. ಆ ಮುಂಡೆ ಯಾರಂತ ಹೇಳು, ಇವತ್ತೇ ಊರು ಬಿಡಿಸ್ತೀನಿ. ಇಲ್ಲ, ಕೊರಳಾಗಿರೋ ಶಿಲುಬೆ ಮುಟ್ಟಿ ನಿಂದೇ ಅನ್ನು!"

ಗುಂಪಿನ ಹಿಂದೆ ಅಶ್ವತ್ಥಮ್ಮನ ಮುಖ ಸುಣ್ಣದಂತಾಗಿತ್ತು. ಈರಕ್ಕ ಅತ್ತ ನೋಡಲಿಲ್ಲ. ಶಿಲುಬೆಯತ್ತ ಹೋದ ಕೈ ಅರ್ಧಕ್ಕೆ ನಿಂತಿತು. ಅದನ್ನು ಮುಟ್ಟಿ ಅವಳು ಎಂದೂ ಸುಳ್ಳಾಡಿದವಳಲ್ಲ. ಆಮೇಲೆ ಬಿಗಿಯಾಗಿ ಹಿಡಿದಳು.

"ನಂದೇ ಕಣಪ್ಪ!"

"ಏನ್ಲಾ ಗಂಗಾಧರ?"

ಗಂಗಾಧರಯ್ಯ ನೆಲ ನೋಡಿದ. "ಹೂಂ" ಎಂದ.

"ಅಂಗಾದ್ರೆ ಈ ವಿಧವೇನ ಕೂಡಿಕೆ ಮಾಡ್ಕಂಡು ಸಾಕ್ಕೋ. ಬೇಗ ಸೀರೆ ತರ್ಸು!" ಎಂದ ಪರ್ವತಯ್ಯ.

ಗಂಗಾಧರಯ್ಯ ತಲೆ ಮೇಲೆ ಕೈ ಹೊತ್ತು ಕೂತ. ಈರಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈ ಅಲ್ಲಾಡಿಸಿದಳು.

"ನಂಗೆ ಬ್ಯಾಡ ಕಣಪ್ಪ, ಗೊರಕೆ ಹೊಡೀತಾನೆ!"

ಪಂಚಾಯ್ತಿ ನಗೆಯಲ್ಲಿ ಮುಳುಗಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪರ್ವತಯ್ಯ. ಕಣ್ಣೊರೆಸಿಕೊಳ್ಳುತ್ತಲೇ ನ್ಯಾಯ ಮುಗಿಸಿದ. ಅಂದಿನಿಂದ ಮುದುಕಿ ಬೀದಿಗಿಳಿದರೆ ಹುಡುಗರು ಗೊರಕೆ ಹೊಡೆಯುತ್ತಿದ್ದರು.

ಮುಂದಿನ ತಿಂಗಳು ಈರಕ್ಕ ಯಾರ ಮನೆಗೂ ಹೋಗಲಿಲ್ಲ. ನೆಟ್ಟಗೆ ಬಂದು ಮೊಣಕಾಲೂರಿದಳು.

"ಈ ಸಲ ನಂದೇ ಒಂದೈತೆ ಸ್ವಾಮೀ!"

ದನಿಯಲ್ಲಿ ಅಳುವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಬಾವಿಯ ಬಳಿ ಹಗ್ಗಗಳೆಲ್ಲ ನಿಂತವು. ಆದರೆ ಈರಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ ಸ್ವಾಮಿಗಳ ಕಿವಿಗೇ ಬಾಯಿಟ್ಟು ಉಳಿದದ್ದನ್ನು ಪಿಸುಗುಟ್ಟಿದಳು. ಹೊರಗೆ ಒಂದಕ್ಷರವೂ ಬರಲಿಲ್ಲ.

ಅಶ್ವತ್ಥಮ್ಮ ಒಬ್ಬಳೇ ಮತ್ತೆ ಹಗ್ಗ ಎಳೆದಳು. ಈರಕ್ಕ ಬಾವಿಕಟ್ಟೆಯ ಮೇಲೆ ಇಟ್ಟುಹೋಗಿದ್ದ ಕೊಡವನ್ನು ಮೊದಲು ತುಂಬಿದಳು.