ಕರಿ ಚೌಕದ ನಾಲ್ಕು ಅಂಚು

ಹಿಲ್ಡಾ ಪಾಸ್ಕ್ ಬಗ್ಗೆ ಈಗ ಎಲ್ಲರೂ ಅಯ್ಯೋ ಪಾಪ ಅಂತಾರೆ. ಆಗ ಒಬ್ಬರ ಬಾಯಲ್ಲೂ ಆ ಮಾತು ಹುಟ್ಟಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಉರಿಯೋದು.

ಲಂಡನ್ನಿನ ಚಾನ್ಸರಿ ಲೇನಿನ ಹಿಂದಿನ ಸಂದಿಯಲ್ಲಿ, ಜಡ್ಜಿಗಳಿಗೂ ವಕೀಲರಿಗೂ ಉಡುಪು ಮಾಡೋ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಕೆಲಸ. ನಾನು ಕುದುರೆಕೂದಲಿನ ವಿಗ್ಗಿಗೆ ಸುರುಳಿ ಸುತ್ತೋಳು, ಹಿಲ್ಡಾ ಸೂಜಿ ಮೇಜಿನವಳು. ನಿಲುವಂಗಿಯನ್ನ ಯಾರು ಬೇಕಾದರೂ ಹೊಲೀಬಹುದಿತ್ತು. ಕರಿ ಚೌಕಕ್ಕೆ ಮಾತ್ರ ನಮ್ಮಲ್ಲಿ ಕಟ್ಟಳೆ ಬೇರೆ. ಕರವಸ್ತ್ರದಷ್ಟು ರೇಷ್ಮೆ ತುಂಡು ಅದು. ಮರಣದಂಡನೆ ಹೇಳುವಾಗ ಜಡ್ಜಿಯ ವಿಗ್ಗಿನ ಮೇಲೆ, ಒಂದು ಮೂಲೆ ಹಣೆ ಕಡೆ ಬರೋ ಹಾಗೆ ಇಡ್ತಾರೆ. ಅದರ ನಾಲ್ಕು ಅಂಚನ್ನ ನಾಲ್ಕು ಹೆಂಗಸರು ಹೊಲೀಬೇಕು. ಪಾಪ ಒಬ್ಬಳ ತಲೆಗೇ ಬರಬಾರದು ಅಂತ.

ಆ ಚಳಿಗಾಲ ಉಳಿದ ಮೂವರೂ ಜ್ವರ ಅಂತ ಮಲಗಿದರು. ಹೊಸ ಜಡ್ಜಿಗೆ ಚೌಕ ತುರ್ತಾಗಿ ಬೇಕಿತ್ತು. ಹಿಲ್ಡಾ ಒಬ್ಬಳೇ ನಾಲ್ಕೂ ಅಂಚು ಹೊಲಿದು ಕಳಿಸಿದಳು. ಕೊನೇ ಮೂಲೆಯಲ್ಲಿ ದಾರದ ಬಾಲ ಕತ್ತರಿಸದೆ ಬಿಡೋದು ಅವಳ ಹಳೇ ಚಾಳಿ, ಎಷ್ಟು ಬೈಸಿಕೊಂಡರೂ ಹೋಗಲಿಲ್ಲ.

ಸ್ವಲ್ಪ ದಿನಕ್ಕೇ ಅವಳ ತಂಗಿ ಮಗ ಕ್ಲಿಫ್ ಹೆಂಡದಂಗಡಿ ಜಗಳದಲ್ಲಿ ಒಬ್ಬನನ್ನ ಚಾಕು ಹಾಕಿ ಕೊಂದ. ತಾಯಿಯಿಲ್ಲದ ಅವನನ್ನ ಸಾಕಿದ್ದು ಹಿಲ್ಡಾ. ನಮ್ಮ ಮೇಜಿನ ಕೆಳಗೇ ದಾರದುಂಡೆ ಉರುಳಿಸಿಕೊಂಡು ಬೆಳೆದವನು. ಕೇಸು ಅದೇ ಜಡ್ಜಿ ಮುಂದೆ ಬಂತು.

ಹಿಲ್ಡಾ ಜಡ್ಜಿಯ ಗುಮಾಸ್ತನಿಗೆ ಅಂಚು ಬಿಟ್ಟಿದೆ ಅಂತ ಸುಳ್ಳು ಹೇಳಿ ಚೌಕ ವಾಪಸ್ ತಂದಳು. ಮೂರು ಅಂಚು ಬಿಚ್ಚಿ, ಜ್ವರ ಬಿಟ್ಟು ಬಂದಿದ್ದ ಆ ಮೂವರ ಮುಂದೆ ಮೇಜಿನ ಮೇಲಿಟ್ಟಳು.

"ಒಂದೊಂದು ಅಂಚು ಹಾಕ್ರೇ. ಕಟ್ಟಳೆ ಮುರಿದಿದ್ದು ನಾನು, ಅದು ಹುಡುಗನಿಗೆ ತಟ್ಟೋದು ಬೇಡ."

ಅವರಲ್ಲೊಬ್ಬಳು ದೊಡ್ಡ ಮೇಬಲ್ ಕೈ ಹಿಂದಕ್ಕೆಳೆದಳು, ಉಳಿದಿಬ್ಬರೂ ಹಾಗೇ. "ಗುರುತಿಲ್ಲದೋನಿಗಾದ್ರೆ ಹೊಲೀಬಹುದು ಕಣೇ. ನಮ್ಮ ಕ್ಲಿಫ್‌ಗೆ ಹೆಂಗೆ ಹೊಲಿಯೋದು?"

"ಇಷ್ಟು ದಿನ ಹೊಲಿದಿದ್ದೆಲ್ಲ ಹೆತ್ತವರಿಲ್ಲದೋರಿಗಾ?" ಅಂದೆ ನಾನು. "ಕೊಡಿಲ್ಲಿ, ನಾನು ಹಾಕ್ತೀನಿ."

ನಾನಾಗ ತುಂಬು ಬಸುರಿ. ಹಿಲ್ಡಾ ಚೌಕ ಕಿತ್ತುಕೊಂಡಳು. "ಈ ಹೊಟ್ಟೆ ಇಟ್ಕೊಂಡು ಇದನ್ನ ಮುಟ್ತೀಯಾ? ನಿನ್ನ ಬುದ್ಧಿ ಎಲ್ಲಿ ಹುಲ್ಲು ಮೇಯೋಕೆ ಹೋಗಿದೆ?" ಅಂದಳು. ಕಿಟಕಿ ಕಡೆ ತಿರುಗಿ ಕೂತು ಮೂರೂ ಅಂಚನ್ನ ಮತ್ತೆ ತಾನೇ ಹೊಲಿದಳು. ಬಾಲ ಈ ಸಲವೂ ಉಳೀತು.

ಕೋರ್ಟಿನಲ್ಲಿ ಅವಳ ಪಕ್ಕ ನಾನಿದ್ದೆ. ಗುಮಾಸ್ತ ಚೌಕ ಇಟ್ಟ. ಬಿಳೀ ವಿಗ್ಗಿನ ಮೇಲಿಂದ ಕರೀ ದಾರ ಜಡ್ಜಿಯ ಹಣೆಗೆ ಇಳಿಬಿದ್ದಿತ್ತು. ಕ್ಲಿಫ್ ಶಿಕ್ಷೆ ಕೇಳಿಸಿಕೊಂಡನೋ ಇಲ್ಲವೋ, ಆ ದಾರವನ್ನೇ ನೋಡಿದ. ಆಮೇಲೆ ನಮ್ಮ ಕಡೆ ತಿರುಗಿದ. ಹಿಲ್ಡಾ ಮುಖ ಮುಚ್ಚಿಕೊಂಡಳು.

ಜೈಲಿನ ಕೊನೇ ಭೇಟಿಯಲ್ಲಿ ಅವನೇ ಅಂದನಂತೆ: "ನಿನ್ನ ಹೊಲಿಗೆ ಅಂತ ಗೊತ್ತಾಯ್ತು ದೊಡ್ಡಮ್ಮ. ಬೇರೆ ಯಾರದ್ದೋ ಆಗಿದ್ರೆ ಹೆದರಿಕೆ ಆಗ್ತಿತ್ತು."

ಅವನನ್ನ ಗಲ್ಲಿಗೆ ಹಾಕಿದರು. ಆ ಮಾತು ಹಿಲ್ಡಾಳನ್ನ ಬಿಡಲಿಲ್ಲ. ನನ್ನ ಮೇಜಿಗೆ ಬಂದು ಹೊಸ ವಿಗ್ಗುಗಳ ಮೇಲೆ ಇಲ್ಲದ ಕರೀ ದಾರ ಹೆಕ್ಕೋಳು. ಹೆಕ್ಕಿ ಹೆಕ್ಕಿ ಉಗುರಿನ ಸಂದಿಯಲ್ಲಿ ರಕ್ತ ಬರೋದು. ನಾನು ಕೈ ಹಿಡಿದು ಕೂರಿಸ್ತಿದ್ದೆ.

ಆದರೆ ಕರಿ ಚೌಕವನ್ನ ಮತ್ತೆ ಯಾರಿಗೂ ಮುಟ್ಟಗೊಡಲಿಲ್ಲ. ನಾಲ್ಕೂ ಅಂಚು ತಾನೇ ಹೊಲಿದು, ಬೇಕೆಂತಲೇ ಬಾಲ ಬಿಡೋಳು.

"ಕತ್ತರಿಸೇ ಅದನ್ನ," ಅಂದೆ ಒಂದು ದಿನ.

"ಯಾವ ಹುಡುಗ ನಿಂತು ನೋಡ್ತಾನೋ," ಅಂದಳು. "ಯಾರೋ ದೊಡ್ಡಮ್ಮ ಹೊಲಿದಿದ್ದು ಅಂತ ಗೊತ್ತಾಗ್ಲಿ."

ಆಮೇಲೆ ಅಂಗಡಿಯಲ್ಲಿ ಯಾರೂ ಆ ಬಾಲಕ್ಕೆ ಅವಳನ್ನ ಬೈಯಲಿಲ್ಲ.